ಹಡಗಿನ ಚಿತ್ರದ ರಿವಾಲ್ವರ್

ಪಕ್ಕದ ಮನೆಯ ವೆಂಡೆಲ್‌ನ ಮುತ್ತಜ್ಜನ ರಿವಾಲ್ವರ್ ಊರ ಭವನದ ಗಾಜಿನ ಪೆಟ್ಟಿಗೆ ಸೇರಿದಂದಿನಿಂದ ಡೆಲ್ಬರ್ಟ್‌ನಿಗೆ ಉಂಡ ಅನ್ನ ಮೈಗೆ ಹತ್ತುತ್ತಿರಲಿಲ್ಲ. ಮದ್ದು ತುಂಬಿ, ಹಿಂದೆ ಕೇಪು ಸಿಕ್ಕಿಸಿ ಹೊಡೆಯುವ ಅಂಥದ್ದೇ ರಿವಾಲ್ವರ್ ಅವನ ಮನೆಯಲ್ಲೂ ಇತ್ತು. ಇಬ್ಬರ ಮುತ್ತಜ್ಜಂದಿರೂ ಅಂತರ್ಯುದ್ಧದಲ್ಲಿ ಒಂದೇ ಡೇರೆಯಲ್ಲಿ ಮಲಗಿದವರು. ಆದರೆ ವೆಂಡೆಲ್‌ನದರ ತಿರುಗುವ ಉರುಳೆಯ ಮೇಲೆ ಸಾಲು ಹಡಗುಗಳ ಚಿತ್ರ, ಜೊತೆಗೆ 1843 ಎಂಬ ಇಸವಿ. ಡೆಲ್ಬರ್ಟ್‌ನದನ್ನು ಅವನ ಅಜ್ಜಿ ವಾರವಾರವೂ ಬೂದಿ ಹಾಕಿ ಉಜ್ಜಿ, ಹಡಗುಗಳನ್ನೆಲ್ಲ ಮುಳುಗಿಸಿಬಿಟ್ಟಿದ್ದಳು.

ಪೆಟ್ಟಿಗೆಯಲ್ಲಿ ಜಾಗ ಇದ್ದದ್ದು ಒಂದಕ್ಕೇ. ಹಳೆಯದು ಯಾವುದೋ ಅದಕ್ಕೆ.

ಊರು ಹುಟ್ಟಿದ ದಿನದ ಊಟಕ್ಕೆ ಹಳೇ ಕೋವಿಗಳನ್ನು ಬಲ್ಲ ಪ್ರೂಯಿಟ್ ಮೇಡಂ ಬಂದಿದ್ದರು. ಡೆಲ್ಬರ್ಟ್ ತನ್ನ ರಿವಾಲ್ವರನ್ನು ಚೀಲದಲ್ಲಿ ತಂದು, ಪೆಟ್ಟಿಗೆಯ ಮುಂದೆ ನಿಂತಿದ್ದ.

"ಸಾಕು ಬನ್ರೀ," ಎಂದಳು ಹೆಂಡತಿ ಲವಾನ್. "ನಿಮ್ಮ ಕಣ್ಣು ಬಿದ್ದು ಗಾಜು ಒಡೆದೀತು."

"ಇವತ್ತು ಒಡೆಯೋದು ಗಾಜಲ್ಲ ಕಣೇ, ವೆಂಡೆಲ್‌ನ ಜಂಬ," ಎಂದು ಡೆಲ್ಬರ್ಟ್ ಕುರ್ಚಿ ಹತ್ತಿಯೇಬಿಟ್ಟ. ಬೆಳಿಗ್ಗೆ ಗ್ರಂಥಾಲಯದಲ್ಲಿ ಓದಿದ್ದು ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. "ಕೇಳ್ರಪ್ಪಾ! 1843 ಇದು ಹುಟ್ಟಿದ ವರ್ಷ ಅಲ್ಲ. ಆ ಚಿತ್ರದಲ್ಲಿರೋ ಸಮುದ್ರ ಕಾಳಗದ ವರ್ಷ! ಇಂಥ ರಿವಾಲ್ವರ್ ಎಲ್ಲದರ ಮೇಲೂ ಅದೇ ಚಿತ್ರ, ಅದೇ ಇಸವಿ. ವಯಸ್ಸು ಹೇಳೋದು ಒಂದೊಂದು ಭಾಗದ ಮೇಲೂ ಕೊರೆದಿರೋ ನಂಬರ್. ಹಡಗು ಬರೀ ಅಲಂಕಾರ!"

ಸೇಬಿನ ಕಡುಬು ತಿನ್ನುತ್ತಿದ್ದ ವೆಂಡೆಲ್ ಕೆಮ್ಮಿದ. "ಹೌದಾ ಮೇಡಂ?"

"ಹೌದು," ಎಂದರು ಪ್ರೂಯಿಟ್. ಪೆಟ್ಟಿಗೆ ತೆಗೆಸಿ ಭೂತಗನ್ನಡಿ ಹಿಡಿದರು. "ಅಷ್ಟೇ ಅಲ್ಲ, ಉರುಳೆ ನಂಬರೇ ಬೇರೆ, ಮೈ ನಂಬರೇ ಬೇರೆ. ಈ ಉರುಳೆ ಇದರದ್ದಲ್ಲ."

"ಬೆರಕೆ!" ಡೆಲ್ಬರ್ಟ್‌ನಿಗೆ ಸ್ವರ್ಗ ಮೂರೇ ಗೇಣು. "ಈಗ ನಂದು ನೋಡಿ ಮೇಡಂ!"

ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದವನ ಎಲೆಯ ನೊಣವನ್ನೇ ನೋಡುತ್ತಿದ್ದವನು ಅವನು. ಅಜ್ಜಿಯ ಬೂದಿಗೂ ಅಳಿಯದೆ ಉಳಿದಿದ್ದ ತನ್ನ ಉರುಳೆಯ ನಂಬರನ್ನು ಒಮ್ಮೆಯೂ ನೋಡಿರಲಿಲ್ಲ. ಪ್ರೂಯಿಟ್ ನೋಡಿದರು, ಮತ್ತೆ ನೋಡಿದರು, ಆಮೇಲೆ ಗೊಳ್ಳೆಂದು ನಕ್ಕರು.

"ನಿಮ್ಮದೂ ಬೆರಕೇನೇ! ಇವರ ಉರುಳೆ ನಿಮ್ಮಲ್ಲಿ, ನಿಮ್ಮದು ಇವರಲ್ಲಿ. ಮದ್ದಿನ ಮಸಿ ಹೋಗೋಕೆ ಬಿಸಿನೀರಲ್ಲಿ ತೊಳೀತಿದ್ರಲ್ಲ, ನಿಮ್ಮ ಮುತ್ತಜ್ಜಂದಿರಿಬ್ಬರೂ ಒಂದೇ ಪಾತ್ರೇಲಿ ಹಾಕಿ ಅದಲುಬದಲು ಮಾಡ್ಕೊಂಡಿದಾರೆ."

ಅಲ್ಲೇ ಎರಡನ್ನೂ ಬಿಚ್ಚಿ, ಉರುಳೆಗಳನ್ನು ಬದಲಾಯಿಸಿ ಕೂರಿಸಿದರು. ಹಡಗುಗಳು ಡೆಲ್ಬರ್ಟ್‌ನ ಕೈಗೆ ಬಂದವು! ಅವನ ಕಣ್ಣು ತುಂಬಿತು. "ಹಾಗಾದ್ರೆ... ಪೆಟ್ಟಿಗೆಗೆ?"

"ಎರಡೂ 1863ರವು, ಈಗ ಎರಡೂ ಅಪ್ಪಟ. ಆದ್ರೆ ವೆಂಡೆಲ್ ಅವರದು ಒಂದು ನಂಬರ್ ಮುಂಚೆ ಆಗಿದ್ದು. ಅದೇ ಅಣ್ಣ."

"ಆದ್ರೆ ನಂದರ ಮೇಲೆ ಹಡಗು..."

"ಹಡಗು ಬರೀ ಅಲಂಕಾರ ಅಂತ ಈಗ್ತಾನೆ ಕುರ್ಚಿ ಹತ್ತಿ ಕೂಗಿದ್ಯಲ್ಲೋ ಮಾರಾಯ," ಎಂದು ವೆಂಡೆಲ್ ಇನ್ನೊಂದು ತುಂಡು ಕಡುಬು ಹಾಕಿಸಿಕೊಂಡ.

ವೆಂಡೆಲ್‌ನ ರಿವಾಲ್ವರ್ ಮತ್ತೆ ಸೇರಿದ ಗಾಜಿನ ಪೆಟ್ಟಿಗೆಗೆ ಜನ ಮುತ್ತಿಕೊಂಡರು. ಲವಾನ್ ಕೂಡ ಇಣುಕಿದಳು.

"ರೀ, ಇಲ್ಲಿ ನೋಡಿ, ಎಷ್ಟು ಚೆನ್ನಾಗಿ ಹೊಳೀತಿದೆ!"

ಹೊಳೆಯದೆ ಇನ್ನೇನು? ಡೆಲ್ಬರ್ಟ್‌ನ ಅಜ್ಜಿ ವಾರವಾರವೂ ಉಜ್ಜಿದ ಉರುಳೆ ಅದು.