ನ್ಯಾನೋ ತೊಟ್ಟೆಗೆ ತೂತು

ಗೊತ್ತಿಲ್ಲದ್ದನ್ನು ಕೇಳಲು ನನಗೆ ಮೊದಲಿನಿಂದಲೂ ನಾಚಿಕೆ. ಹಳ್ಳಿ ಶಾಲೆಯಲ್ಲಿ ಏಳನೇ ಕ್ಲಾಸಷ್ಟೇ ಓದಿದ್ದು ಬಯಲಾದೀತೆಂದು ಸುಮ್ಮನೆ ತಲೆಯಾಡಿಸಿಬಿಡುತ್ತೇನೆ. ನಿಮ್ಮ ತಾತ ಇದ್ದಾಗ ನನ್ನ ಪರವಾಗಿ ಅವರೇ ಕೇಳುತ್ತಿದ್ದರು. ಮಕ್ಕಳೇ, ಈ ಚಟ ನಿಮ್ಮ ಪಲ್ಲವಿ ಅಕ್ಕನ ಪ್ರಾಜೆಕ್ಟಿಗೇ ಕುತ್ತು ತಂದಿತ್ತು.

ಅವಳು ಕಾಲೇಜಿನಲ್ಲಿ ಐದು ತೊಟ್ಟೆ, ಅಂದರೆ ಸಸಿ ಬೆಳೆಸುವ ಪ್ಲಾಸ್ಟಿಕ್ ಚೀಲ, ಮಾಡಿ, ಕಾಫಿ ಸಸಿಗೆ ಅಳತೆ ಸರಿಯಿದೆಯೇ ಎಂದು ತೋರಿಸಲು ಚೆಟ್ಟಳ್ಳಿಯ ನಮ್ಮ ಮನೆಗೆ ತಂದಿದ್ದಳು. ಮಣ್ಣಿನಲ್ಲೇ ಕರಗಿಹೋಗುವ ಬಗೆಯ ಪಾಲಿಯೆಸ್ಟರಂತೆ. ಮೊದಲನೆಯದು ಬರೀ ಪಾಲಿಯೆಸ್ಟರ್. ಉಳಿದವುಗಳಲ್ಲಿ ಕಣ್ಣಿಗೆ ಕಾಣದಷ್ಟು ನುಣ್ಣನೆಯ ಜೇಡಿಮಣ್ಣಿನ ನ್ಯಾನೋ ಪುಡಿಯನ್ನು ಒಂದಕ್ಕಿಂತ ಒಂದರಲ್ಲಿ ಹೆಚ್ಚಿಸುತ್ತಾ ಹೋಗಿದ್ದಳು.

"ಹದವಾಗಿ ಬೆರೆತ್ರೆ ಗಟ್ಟಿ ಆಗ್ತದಜ್ಜಿ, ನೀರಿನ ಆವಿನೂ ಬೇಗ ದಾಟಲ್ಲ. ಎಷ್ಟು ಗಟ್ಟಿ ಅಂತ ನಾಳೆ ಲ್ಯಾಬಲ್ಲಿ ಎಳೆದು ನೋಡ್ಬೇಕು" ಎಂದಳು. ನಾನು ತಲೆಯಾಡಿಸಿದೆ. ಅವಳು ಸ್ನಾನಕ್ಕೆ ಹೋದಳು.

ತೂತಿಲ್ಲದ ತೊಟ್ಟೆ ಕಂಡರೆ ನನ್ನ ಕೈ ಸುಮ್ಮನಿರದು. ನೀರು ನಿಂತರೆ ಸಸಿಯ ಬೇರು ಕೊಳೆಯುತ್ತದಲ್ಲ! ನಲವತ್ತು ವರ್ಷದಿಂದ ನರ್ಸರಿಯಲ್ಲಿ ಮಾಡಿದ್ದೇ ಅದು. ಪಾಪ, ಹುಡುಗಿ ಮರೆತಿದ್ದಾಳೆ ಎಂದುಕೊಂಡು ತೂತು ಹೊಡೆಯುವ ಪಂಚ್ ತೆಗೆದು, ಸಾಲಾಗಿ ತಳಭಾಗಕ್ಕೆ ಹೊಡೆಯುತ್ತಾ ಹೋದೆ. ಐದನೆಯದಕ್ಕೆ ಒತ್ತಿದ್ದೇ ತಡ, ಅದು ಹಪ್ಪಳದಂತೆ ಮುರಿದು ತಳದಿಂದ ಬಾಯಿಯವರೆಗೂ ಸೀಳಿತು.

ಪಲ್ಲವಿ ತಲೆ ಒರೆಸಿಕೊಳ್ಳುತ್ತಾ ಬಂದವಳು ಅಲ್ಲೇ ನಿಂತಳು. "ಏನಜ್ಜಿ ಮಾಡ್ದೆ ನೀನು?"

"ತೂತು, ಮಗಾ."

"ನಾಳೆಯೇ ಕೊನೇ ದಿನ! ಬೇರೆ ಮಾಡೋಕೆ ಟೈಮಿಲ್ಲ!"

ಅಳತೆಪಟ್ಟಿ ಹಿಡಿದು ನೆಲದ ಮೇಲೆ ಕೂತಳು. ಎಳೆದು ನೋಡಲು ಬೆರಳಗಲದ ಒಂದೊಂದು ಪಟ್ಟಿಯಾದರೂ ತೂತಿಲ್ಲದೆ ಸಿಗಬೇಕು. ಒಳಗೆ ಹಾಲು ಉಕ್ಕಿ ಒಲೆಗೆ ಸುರಿಯುವ ಸದ್ದು ಕೇಳಿದರೂ ನಾನು ಏಳಲಿಲ್ಲ. ಮೊದಲನೆಯದರಲ್ಲಿ ಸಿಕ್ಕಿತು. ಎರಡನೆಯದರಲ್ಲೂ ಸಿಕ್ಕಿತು. ನಾಲ್ಕರವರೆಗೆ ಹೇಗೋ ದಾಟಿದೆವು. ಐದನೆಯದರ ಚೂರನ್ನು ಬೆಳಕಿಗೆ ಹಿಡಿದಳು. ಒಳಗೆಲ್ಲ ಬಿಳಿ ಚುಕ್ಕೆ.

"ಮಣ್ಣು ಜಾಸ್ತಿಯಾಗಿ ಗಂಟು ಕಟ್ಟಿದೆ. ಗಂಟಿದ್ದಲ್ಲೇ ಸೀಳಿದೆ."

"ಗಂಟಾದ ಮುದ್ದೆ ಥರ" ಎಂದೆ ಮೆಲ್ಲಗೆ.

"ನಗಿಸ್ಬೇಡ. ನಂಗಿನ್ನೂ ಸಿಟ್ಟಿದೆ."

ಕೊನೆಗೆ ತನ್ನ ಮೇಷ್ಟರಿಗೆ ಫೋನು ಮಾಡಿ ಎಲ್ಲ ಹೇಳಿದಳು. ಫೋನು ಸ್ಪೀಕರಿನಲ್ಲಿತ್ತು. ನನಗೆ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುವಂತಾಯಿತು.

"ತೂತು ಹೊಡೆದ್ರೆ ಸೀಳೋ ತೊಟ್ಟೆ ನರ್ಸರಿಗೆ ಯಾಕಮ್ಮಾ?" ಎಂದರು ಮೇಷ್ಟರು. "ನಾವೇ ಯೋಚಿಸ್ಬೇಕಿತ್ತು. ಒಂದು ವಾರ ಕೊಡ್ತೀನಿ, ಐದನೇದು ಮತ್ತೆ ಮಾಡು. ನಿಮ್ಮಜ್ಜಿ ಕೈಲೇ ಹೊಡೆಸಿ ವಿಡಿಯೋ ತಗೊಂಡು ಬಾ."

ಮೊನ್ನೆ ಗಂಟಾಗದಂತೆ ಬೆರೆಸಿದ ಹೊಸ ತೊಟ್ಟೆ ಬಂತು. ಪಲ್ಲವಿ ಮೊಬೈಲು ಹಿಡಿದು, "ಹೊಡಿ ಅಜ್ಜಿ" ಎಂದಳು. ಯಾರೂ ಹೇಳದಿದ್ದಾಗ ಸರಸರ ಓಡಿದ ಕೈ, ಕ್ಯಾಮೆರಾ ಕಂಡದ್ದೇ ಗುರಿ ತಪ್ಪಿತು. ಮೊದಲ ತೂತು ನನ್ನ ಸೆರಗಿಗೇ ಬಿತ್ತು. ಸೆರಗೂ ಪಾಲಿಯೆಸ್ಟರೇ ಅಂತೆ. ಸೀಳಲಿಲ್ಲ. ಎರಡನೆಯದು ತೊಟ್ಟೆಗೇ ಬಿತ್ತು, ಅದೂ ಸೀಳಲಿಲ್ಲ.