ಸಿದ್ದೇಶ ಅಂದುಕೊಂಡ ಐದು ಪರ್ಸೆಂಟು

ಇದರಲ್ಲಿ ಒಂದಕ್ಷರ ಸುಳ್ಳಿದ್ದರೂ ನಾನು ಚಾಮುಂಡಿ ಬೆಟ್ಟದ ಅಷ್ಟೂ ಮೆಟ್ಟಿಲು ಉರುಳಿಕೊಂಡೇ ಇಳಿಯುತ್ತೇನೆ. ಮೊನ್ನೆ ಮಂಗಳವಾರ ಕುಂಬಾರಕೊಪ್ಪಲಿನಲ್ಲಿ ನಡೆದದ್ದು.

ಅರ್ಥಶಾಸ್ತ್ರದ ಪ್ರೊಫೆಸರ್ ಸರ್ವಮಂಗಳಾ ದಿಲ್ಲಿಯ ಕೇಸೊಂದರಲ್ಲಿ ತಜ್ಞ ಸಾಕ್ಷಿ ಹೇಳಬೇಕಿತ್ತು. ಫೋನಿನಲ್ಲಿ ಜಾಹೀರಾತು ತೋರಿಸುವ ಒಂದು ದೊಡ್ಡ ಕಂಪನಿ ಇಡೀ ಮಾರುಕಟ್ಟೆಯನ್ನು ಮುಷ್ಟಿಯಲ್ಲಿಟ್ಟುಕೊಂಡಿದೆ ಎಂಬುದು ಕೇಸು. ರೇಟು ಏರಿಸಿದರೂ ಅಂಗಡಿಯವರು ಅದನ್ನು ಬಿಟ್ಟು ಹೋಗಲಾರರು ಎಂದು ತೋರಿಸಿದರೆ ಗೆದ್ದಂತೆ.

ಅವರು ಸಹಾಯಕ ಸಿದ್ದೇಶನ ಕೈಗೆ ಇಪ್ಪತ್ತು ಫಾರಂ ಕೊಟ್ಟರು. "ರೇಟು ಐದು ಪರ್ಸೆಂಟು ಏರಿದರೆ ಬಿಡುತ್ತೀರಾ, ಇರುತ್ತೀರಾ ಅಂತ ಕೇಳಿ, ಸಂಜೆ ಆರರೊಳಗೆ ಇಪ್ಪತ್ತು ಅಂಗಡಿಯವರ ಸಹಿ ತನ್ನಿ. ನಿಮ್ಮ ಕೆಲಸ ಕಾಯಂ."

ಮೂರು ವರ್ಷದಿಂದ ಸಿಟಿ ಬಸ್ಸಿನ ಬಾಗಿಲಿಗೆ ಜೋತುಬಿದ್ದವನ ಹಾಗೆ ಆ ಕೆಲಸಕ್ಕೆ ಜೋತುಬಿದ್ದಿದ್ದ ಸಿದ್ದೇಶ ಓಡಿದ.

ಮೊದಲ ಎರಡು ಅಂಗಡಿಯಲ್ಲಿ ಸಹಿ ಸಲೀಸಾಗಿ ಸಿಕ್ಕಿತು. ಮೂರನೆಯದು ಪುಟ್ಟಬಸಮ್ಮನ ಹಪ್ಪಳದಂಗಡಿ.

"ಅಮ್ಮಾ, ಫೋನಲ್ಲಿ ಆಡ್ ಹಾಕ್ತೀರಲ್ಲ, ಅದ್ರ ರೇಟು ಐದು ಪರ್ಸೆಂಟು ಜಾಸ್ತಿ ಆಯ್ತು ಅಂದ್ಕೊಳಿ. ಬುಟ್ಬುಡ್ತೀರಾ, ಇರ್ತೀರಾ?"

"ಅಯ್ಯೋ! ಜಾಸ್ತಿ ಆಗೋಯ್ತಾ?"

"ಆಗಿಲ್ಲ ಕಣಮ್ಮ. ಬರೀ ಅಂದ್ಕೊಳಿ."

"ಹಾಲಿನ ರೇಟೂ ಇಂಗೇ ಕಣಪ್ಪ. ಆಗ್ಬೋದು ಅಂತಂದ್ರು, ಬೆಳಗಾಗೋದ್ರಲ್ಲಿ ಆಗೋಗಿತ್ತು!"

ಅವಳು ಒಣಗಲು ಹಾಕಿದ್ದ ಹಪ್ಪಳವನ್ನೂ ಬಿಟ್ಟು ಬೀದಿಗಿಳಿದಳು. ಹತ್ತು ನಿಮಿಷದಲ್ಲಿ ಸಿದ್ದೇಶನ ಸುತ್ತ ಬೆಲ್ಲಕ್ಕೆ ಮುತ್ತಿದ ಇರುವೆಯಂತೆ ಜನ. ಸಹಿ ಹಾಕಿದ್ದ ಇಬ್ಬರೂ ಬಂದು ಫಾರಂ ಕಿತ್ತುಕೊಂಡು ಹರಿದೇಬಿಟ್ಟರು.

"ಲೇ ಸಿದ್ದೇಶ, ಯಾವಾಗ್ಲಿಂದ ಕಂಪ್ನಿ ಏಜೆಂಟಾದೆ ಕಣೋ?" ಎಂದ ಟೈರಂಗಡಿ ರುದ್ರಸ್ವಾಮಿ. "ನಾವೆಲ್ಲ ಈಗ್ಲೇ ಆಡ್ ನಿಲ್ಲಿಸ್ತೀವಿ. ಹೋಗ್ ಹೇಳು!"

ಬೀದಿಯ ಇಪ್ಪತ್ತೂ ಅಂಗಡಿಯ ಜಾಹೀರಾತು ನಿಂತುಹೋಯಿತು. ಸಿದ್ದೇಶ ಉಳಿದ ಫಾರಂ ಮಡಚಿ ಜೇಬಿಗಿಟ್ಟ. ಹಿಂಗೆ ಬಿಟ್ಟು ಹೋದರೆ ಕೇಸೂ ಹೋಯಿತು, ಕೆಲಸವೂ ಹೋಯಿತು.

ಮಧ್ಯಾಹ್ನ ಕಳೆಯಿತು. ಬೀದಿಗೆ ಒಂದು ನರಪಿಳ್ಳೆಯೂ ಬರಲಿಲ್ಲ. ಫೋನ್ ಒಂದೂ ಗುಂಯ್ ಎನ್ನಲಿಲ್ಲ. ನಾಲ್ಕು ಗಂಟೆಗೆ ಪುಟ್ಟಬಸಮ್ಮ ಸದ್ದಿಲ್ಲದೆ ಮತ್ತೆ ಆಡ್ ಹಾಕಿದಳು. ಅದನ್ನು ಕಂಡು ರುದ್ರಸ್ವಾಮಿ. ಅವನನ್ನು ಕಂಡು ಉಳಿದವರು.

ಸಿದ್ದೇಶ ಕುಣಿಯುತ್ತಾ ಮೇಡಮ್ಮಿಗೆ ಫೋನ್ ಮಾಡಿದ. "ಮೇಡಂ, ನಿಜವಾಗ್ಲೂ ಬುಟ್ಟೋದ್ರು, ನಿಜವಾಗ್ಲೂ ವಾಪಸ್ ಬಂದ್ರು!"

"ಭಲೇ! ಇದಕ್ಕಿಂತ ಒಳ್ಳೆ ಸಾಕ್ಷಿ ಬೇಕಾ? ಅದನ್ನೇ ಬರೆಸಿ, ಸಹಿ ಹಾಕಿಸಿ."

ಸಿದ್ದೇಶ ಬೀದಿಗೆ ಬಂದರೆ ಎಲ್ಲರೂ ಫೋನ್ ಹಿಡಿದು ಅವನನ್ನೇ ನೋಡುತ್ತಿದ್ದಾರೆ. ಆ ಜಾಹೀರಾತು ಸಿಗುವುದು ಹರಾಜಿನಲ್ಲಿ. ತನ್ನದೇ ಮೊದಲು ಕಾಣಲಿ ಎಂದು ಇಪ್ಪತ್ತೂ ಜನ ಒಟ್ಟಿಗೆ ನುಗ್ಗಿ, ಒಬ್ಬರಿಗಿಂತ ಒಬ್ಬರು ಹೆಚ್ಚು ಕೂಗಿದ್ದರು. ರೇಟು ನಿಜವಾಗಿಯೂ ಏರಿಬಿಟ್ಟಿತ್ತು.

"ಐದಲ್ಲ ಕಣೋ, ಏಳು ಪರ್ಸೆಂಟು!" ಎಂದ ರುದ್ರಸ್ವಾಮಿ.

"ನಾನೇನ್ ಮಾಡ್ದೆ? ನೀವೇ ಏರಿಸ್ಕೊಂಡ್ರಿ ಕಣ್ರೀ! ಒಂದ್ ಸಹಿ ಹಾಕಿ, ಕೈ ಮುಗೀತೀನಿ."

ಪುಟ್ಟಬಸಮ್ಮ ಅವನನ್ನು ಮಣೆ ಹಾಕಿ ಕೂರಿಸಿ, ಹಣೆಗೆ ಕುಂಕುಮ ಇಟ್ಟು ಕೈ ಮುಗಿದಳು. "ನಿನ್ ಬಾಯಲ್ಲಿ ಬಂದಿದ್ದು ನಡೀತದೆ ಕಣಪ್ಪ. ಈಗ ಇಳೀತು ಅಂದ್ಕೋ. ಅದು ಇಳಿಯೋಗಂಟ ಯಾರೂ ಸಹಿ ಹಾಕಲ್ಲ."

ಗಡಿಯಾರ ಆರು ದಾಟಿತು. ಸಿದ್ದೇಶ ಕಣ್ಣು ಮುಚ್ಚಿಕೊಂಡು ಅಂದುಕೊಳ್ಳುತ್ತಲೇ ಇದ್ದ.

ಮೇಡಂ ಪಾಪ ಈ ಸಿದ್ದೇಶನಿಗೆ, ಅಂದರೆ ನನಗೆ, ನಾಳೆ ಸಂಜೆಯವರೆಗೆ ಟೈಮ್ ಕೊಟ್ಟಿದ್ದಾರೆ. ಫಾರಂ ನನ್ನ ಜೇಬಲ್ಲೇ ಇದೆ. ನಿಮಗೆ ಅಂಗಡಿ ಇದೆಯಾ? ಇಲ್ಲದಿದ್ದರೆ ಇದೆ ಅಂದುಕೊಳ್ಳಿ. ಹೂಂ, ಪೆನ್ನು ಹಿಡೀರಿ, ಇಲ್ಲಿ, ಈ ಗೆರೆ ಮೇಲೆ.