ಹೊಸಿಲು ದಾಟಿದ ಫೈಲು

"ಅಯ್ಯೋ, ಅದೂ ಜೊತೆಗೆ ಹೋಯ್ತಾ?" ಎಂದು ಅವಳು ಹಲ್ಲುಜ್ಜುತ್ತ ಕನ್ನಡಿಯನ್ನು ಕೇಳಿದಳು. ಕನ್ನಡಿಗೆ ಸಾಫ್ಟ್‌ವೇರ್ ಬರುತ್ತಿರಲಿಲ್ಲ.

ನಿನ್ನೆ ಸಂಜೆ ಮನೆಗೆ ಹೊರಡುವ ಆತುರದಲ್ಲಿ ತನ್ನ ಕೆಲಸವನ್ನೆಲ್ಲ ಒಂದೇ ಏಟಿಗೆ ಆಫೀಸಿನ ರೆಪೊಗೆ ತಳ್ಳಿದ್ದಳು. ರೆಪೊ ಎಂದರೆ ಎಲ್ಲರ ಕೋಡ್ ಬಂದು ಸೇರುವ ಜಾಗ. ಹೊರಗಿನ ಗುತ್ತಿಗೆಯವರೂ ಬಂದು ಇಣುಕುವ ಜಾಗ. ಕೋಡಿನ ಬಾಲ ಹಿಡಿದು, ಪಾಸ್‌ವರ್ಡಿನಂಥ ಗುಟ್ಟುಗಳಿರುವ ಎನ್ವ್ ಫೈಲೂ ಹೋಗಿತ್ತು. ಅವರವರ ಲ್ಯಾಪ್‌ಟಾಪಿನಲ್ಲೇ ಇರಬೇಕಾದ, ಹೊಸಿಲು ದಾಟಬಾರದ ಫೈಲು ಅದು. ಅದರೊಳಗಿನ ಸೀಕ್ರೆಟ್ ಕೀ ಸಿಕ್ಕರೆ ಸಾಕು, ಯಾರು ಬೇಕಾದರೂ ಕಂಪನಿಯ ಹೆಸರಿನಲ್ಲಿ, ಅದರ ಗ್ರಾಹಕರಾದ ಊರಿನ ದಂತವೈದ್ಯರ ರೋಗಿಗಳಿಗೆಲ್ಲ 'ಹಲ್ಲು ಕೀಳಿಸಲು ಈಗಲೇ ಬನ್ನಿ' ಎಂದು ಮೆಸೇಜು ಕಳಿಸಬಹುದಿತ್ತು.

ಅವಳ ಕೆಲಸ ಕಾಯಂ ಮಾಡುವ ತೀರ್ಮಾನ ಆಗಬೇಕಿದ್ದೂ ಇವತ್ತೇ.

"ಏನೇ, ಒಳಗೇ ನಿದ್ದೆ ಹೋದ್ಯಾ? ನಿಮ್ಮಪ್ಪ ಹೊರಗೆ ಟವೆಲ್ ಹಿಡ್ಕೊಂಡು ಕುಣೀತಿದ್ದಾರೆ!" ಅಮ್ಮ ಬಾಗಿಲು ಬಡಿದಳು.

"ಬಂದೆ" ಎಂದಳು. ಅಲ್ಲಿಗೆ ಅವಳ ದಿನದ ಮಾತಿನಲ್ಲಿ ಅರ್ಧ ಖರ್ಚಾಯಿತು. ಆಫೀಸಿನಲ್ಲಿ ಅವಳಿಗೆ ಮೌನಿ ಎಂದೇ ಹೆಸರು.

ಎಲ್ಲರಿಗಿಂತ ಮೊದಲು ಆಫೀಸಿಗೆ ಓಡಿ, ಫೈಲನ್ನು ರೆಪೊದಿಂದ ಅಳಿಸಿ, ಉಸಿರು ಬಿಡುವಷ್ಟರಲ್ಲಿ ಪಕ್ಕದ ಕುರ್ಚಿ ಉರುಳಿಕೊಂಡು ಬಂತು. ಅದರ ಮೇಲೆ ಡಂಗುರ ಕೂತಿದ್ದ. ಸುದ್ದಿ ಸಾರುವುದು ಅವನ ಮುಖ್ಯ ಕಸುಬು, ಕೋಡ್ ಬರೆಯುವುದು ಬಿಡುವಿನ ಹವ್ಯಾಸ.

"ಮೌನಿ, ನೋಡಿದ್ಯಾ? ಯಾರೋ ಪುಣ್ಯಾತ್ಮರು ಎನ್ವ್ ಫೈಲ್ ಹಾಕಿ, ಆಮೇಲೆ ಅಳಿಸಿದ್ದಾರೆ. ಅಳಿಸಿದ್ರೆ ಹೋಗುತ್ತಾ? ಹಳೇದೆಲ್ಲ ಹಿಸ್ಟರಿಯಲ್ಲಿ ಹಾಗೇ ಕೂತಿರುತ್ತೆ. ಗೋಡೆ ಮೇಲೆ ಗುಟ್ಟು ಬರೆದು, ಪಕ್ಕದಲ್ಲಿ 'ದಯವಿಟ್ಟು ಓದಬೇಡಿ' ಅಂತ ಬೋರ್ಡ್ ಹಾಕಿದ ಹಾಗೆ!"

"ಹಾಗಾದ್ರೆ... ಕೀ ಬದಲಾಯಿಸಿಬಿಟ್ರೆ ಸಾಕಲ್ವಾ?"

"ಅದೆಲ್ಲ ಆಮೇಲಮ್ಮ. ಮೊದಲು ಯಾರು ಅಂತ ಎಲ್ಲರಿಗೂ ಗೊತ್ತಾಗ್ಬೇಕು!"

ಡಂಗುರ ಆಫೀಸಿನ ಗ್ರೂಪಿನಲ್ಲಿ ಸುದ್ದಿ ಹಾಕಿದ. ಟೆಸ್ಟಿಂಗ್ ಮಾಡುವಾಕೆ ಕಾಳಜಿಯಿಂದ ಇಡೀ ಕೀಯ ಫೋಟೊ ತೆಗೆದು ಹಾಕಿ, 'ಹೊರಗೆ ಹೋಗಿರೋದು ಇದೇನಾ? ಯಾರೂ ನೋಡಬೇಡಿ' ಎಂದು ಬರೆದಳು. ಆ ಗ್ರೂಪಿನಲ್ಲಿ ದಂತವೈದ್ಯರೂ ಇದ್ದರು. ಮ್ಯಾನೇಜರು ತನಿಖೆಗೆ ಮೀಟಿಂಗ್ ಕರೆದರು. ಕೀ ಬದಲಾಯಿಸುವ ಕೆಲಸವೊಂದನ್ನು ಬಿಟ್ಟು ಉಳಿದೆಲ್ಲ ಭರದಿಂದ ಸಾಗಿತು.

ಅಷ್ಟರಲ್ಲಿ ಟೀಮ್ ಲೀಡ್ ಅವಳನ್ನು ಪ್ಯಾಂಟ್ರಿಗೆ ಕರೆದರು. ಮುಖ ಸುಣ್ಣ ಬಳಿದ ಹಾಗಿತ್ತು.

"ಒಂದು ಉಪಕಾರ ಆಗ್ಬೇಕಲ್ಲಮ್ಮ" ಎಂದು ಫೋನು ತೋರಿಸಿದರು. ಹಿಸ್ಟರಿಯಲ್ಲಿ, ಆ ಫೈಲು ಹಾಕಿದವರ ಜಾಗದಲ್ಲಿ, ಅವರದೇ ಹೆಸರು.

ಮೌನಿಗೆ ತಕ್ಷಣ ಹೊಳೆಯಿತು. ಸೇರಿದ ದಿನ ಅವಳಿಗೆ ಕೊಟ್ಟದ್ದು ಲೀಡ್ ಬಳಸಿ ಬಿಟ್ಟ ಲ್ಯಾಪ್‌ಟಾಪು. ಧೂಳು ಒರೆಸಿ ಕೊಟ್ಟಿದ್ದರು, ಒಳಗಿನ ಹೆಸರು ಬದಲಾಯಿಸಿರಲಿಲ್ಲ. ಅವಳು ಕಳಿಸಿದ್ದೆಲ್ಲ ಅವರ ಖಾತೆಗೇ ಜಮೆಯಾಗುತ್ತಿತ್ತು.

"ನಾನು ಯಾವಾಗ ಹಾಕಿದ್ನೋ ನೆನಪೇ ಇಲ್ಲ. ಹೋದ ವಾರ ತಾನೇ ಗುಟ್ಟು ಕಾಪಾಡೋದು ಹೇಗೆ ಅಂತ ಎಲ್ಲರ ತಲೆ ತಿಂದಿದ್ದೀನಿ. ಮರ್ಯಾದೆ ಪ್ರಶ್ನೆ! ನೀನು ಹೊಸಬಳು, ನಿನ್ನನ್ನ ಯಾರೂ ಬೈಯಲ್ಲ. ನನಗೋಸ್ಕರ, ಫೈಲ್ ಹಾಕಿದ್ದು ನೀನು ಅಂತ ಒಂದೇ ಒಂದು ಸುಳ್ಳು ಹೇಳಮ್ಮ."

"ಸರ್, ಅದು ನಿಜವಾಗ್ಲೂ ನಾ... ನಾನೇ..."

"ಶಭಾಷ್! ಮೀಟಿಂಗಲ್ಲೂ ಹೀಗೇ ತಡವರಿಸು. ಎಂಥವರೂ ನಂಬ್ತಾರೆ!"

ಮೀಟಿಂಗ್ ರೂಮಿನ ಗೋಡೆಯ ಮೇಲೆ ಲೀಡಿನ ಹೆಸರು ಮೊಳದುದ್ದ ಮೂಡಿತ್ತು. "ತಪ್ಪು ಮಾಡಿದ್ರೆ ಕ್ಷಮಿಸ್ತೀನಿ. ಸುಳ್ಳು ಹೇಳಿದ್ರೆ ಮಾತ್ರ ಕ್ಷಮಿಸಲ್ಲ" ಎಂದರು ಮ್ಯಾನೇಜರು.

ಮೌನಿ ಎದ್ದು ನಿಂತಳು. ಗಂಟಲು ಮೊದಲ ಬಾರಿಗೆ ಅವಳ ಮಾತು ಕೇಳಿತು.

"ನಾನೇ ಮಾಡಿದ್ದು ಸರ್. ನನ್ನ ಲ್ಯಾಪ್‌ಟಾಪ್ ಮೊದಲು ಲೀಡ್ ಸರ್ ಹತ್ರ ಇತ್ತು. ಅದ್ರಲ್ಲಿ ಇನ್ನೂ ಅವರ ಹೆಸರೇ ಇದೆ."

ಲೀಡ್ ಬೆರಗಾದರು. ಇಷ್ಟು ಚೆಂದದ ನೆಪ ಅವರಿಗೂ ಹೊಳೆದಿರಲಿಲ್ಲ.

"ಸರ್, ಸುಳ್ಳು!" ಡಂಗುರ ಕುರ್ಚಿಯಿಂದ ನೆಗೆದ. "ಒಂದೇ ಒಂದು ಸುಳ್ಳು ಹೇಳಮ್ಮ ಅಂತ ಲೀಡ್ ಪ್ಯಾಂಟ್ರಿಯಲ್ಲಿ ಹೇಳಿಕೊಡ್ತಿದ್ದದ್ದನ್ನ ನಾನೇ ಕಿವಿಯಾರೆ ಕೇಳಿದೆ!"

ಇನ್ನು ತಪ್ಪಿಸಿಕೊಳ್ಳುವಂತಿಲ್ಲ ಎಂದು ಗೊತ್ತಾದ ಕೂಡಲೇ ಲೀಡಿನ ಆತ್ಮಸಾಕ್ಷಿ ಜಾಗೃತವಾಯಿತು. "ಪಾಪ, ಆ ಮಗೂನ ಬಿಟ್ಬಿಡಿ ಸರ್. ತಪ್ಪು ನನ್ನದು!" ಎಂದು ಎದೆ ಮುಟ್ಟಿಕೊಂಡರು. ಟೆಸ್ಟಿಂಗ್‌ನಾಕೆ ಕಣ್ಣೊರೆಸಿಕೊಂಡಳು. ಯಾರೋ ಚಪ್ಪಾಳೆ ಶುರು ಮಾಡಿದರು.

"ಇದಪ್ಪ ಪ್ರಾಮಾಣಿಕತೆ!" ಮ್ಯಾನೇಜರು ಎದ್ದು ಬಂದು ಲೀಡಿನ ಕೈ ಕುಲುಕಿದರು. "ಇವತ್ತಿಂದ ಕಂಪನಿಯ ಎಲ್ಲಾ ಸೀಕ್ರೆಟ್‌ಗಳ ಜವಾಬ್ದಾರಿ ನಿಮ್ಮದೇ." ಆಮೇಲೆ ಮೌನಿಯತ್ತ ತಿರುಗಿದರು. "ನಿಂಗೆ ಬಾಯೇ ಇಲ್ಲ ಅಂದ್ಕೊಂಡಿದ್ದೆ. ಬಾಯಿ ತೆಗೆದ್ರೆ ಬರೀ ಸುಳ್ಳು! ಕಾಯಂ ಮಾಡೋ ವಿಷಯ ಮುಂದಿನ ವರ್ಷ ನೋಡೋಣ. ಈಗಲಾದ್ರೂ ಒಂದು ನಿಜ ಹೇಳು, ಇನ್ನೊಂದ್ಸಲ ಹೀಗೆ ಮಾಡ್ತೀಯಾ?"

"ಇಲ್ಲ ಸರ್" ಎಂದಳು ಮೌನಿ, ಎಲ್ಲರಿಗೂ ಕೇಳುವಷ್ಟು ಜೋರಾಗಿ. "ಇನ್ಮೇಲೆ ಯಾವತ್ತೂ ಹೀಗೆ ಎದ್ದು ನಿಂತು ಹೇಳಲ್ಲ."

ಇದನ್ನು ಮಾತ್ರ ಎಲ್ಲರೂ ನಂಬಿದರು.